ಎಲ್ಲರೂ ಒಪ್ಪಿದ್ದ ಪ್ರಾಜೆಕ್ಟ್ ಕೆಟ್ಟಿದ್ದು ಯಾಕೆ? ಅಸ್ಪಷ್ಟ ರಿಕ್ವೈರ್‌ಮೆಂಟ್ ಪತ್ತೆ ಮಾಡುವ ಕೈಪಿಡಿ

ಪ್ರಾಜೆಕ್ಟ್ ಹಳಿ ತಪ್ಪಿದಾಗ ಮೊದಲು ಬೈಗುಳ ಬೀಳುವುದು ಕೋಡ್ ಬರೆದವರಿಗೆ. ಆಮೇಲೆ ಟೆಸ್ಟಿಂಗ್ ಮಾಡಿದವರಿಗೆ. ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಶುರುವಿನಲ್ಲಿ ಬರೆದುಕೊಂಡ ಮಾತಿಗೇ, ಅಂದರೆ ರಿಕ್ವೈರ್‌ಮೆಂಟ್‌ಗೇ, ಎರಡು ಅರ್ಥ ಇತ್ತಾ ಅಂತ ಹಿಂದೆ ತಿರುಗಿ ನೋಡುವವರು ಕಡಿಮೆ. ಈ ದೋಷ ಗೊಂದಲದ ಹಾಗೆ ಕಾಣಿಸುವುದಿಲ್ಲ, ಒಪ್ಪಿಗೆಯ ಹಾಗೆ ಕಾಣಿಸುತ್ತದೆ. ಮೀಟಿಂಗ್‌ನಲ್ಲಿ ಎಲ್ಲರೂ ತಲೆ ಆಡಿಸಿರುತ್ತಾರೆ. ಎಲ್ಲರಿಗೂ ಅರ್ಥ ಆಗಿರುತ್ತದೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ.

ಅದಕ್ಕೇ ಇಲ್ಲಿ ಕಾರಣಗಳ ಪಟ್ಟಿ ಕೊಡದೆ, ನಿಮ್ಮ ಕಣ್ಣಿಗೆ ಬೀಳುವ ಲಕ್ಷಣಗಳಿಂದ ಶುರು ಮಾಡಿದ್ದೇನೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಕಷ್ಟದವು ಆಮೇಲೆ. ಉದಾಹರಣೆಗೆ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಬೆಳಗ್ಗೆ, ಸಂಜೆ ಹಾಲು ಬರುತ್ತದೆ. ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಹಾಕುತ್ತಾರೆ. 15 ದಿನಕ್ಕೊಮ್ಮೆ ಬಟವಾಡೆ. ಕೆಲಸ ಚಿಕ್ಕದು ಅನ್ನಿಸುತ್ತದೆ ಅಲ್ವಾ? ಆದರೆ ಒಂದು ತಪ್ಪು ವಾಕ್ಯ ಊರಿನ ಅಷ್ಟೂ ಮನೆಯ ದುಡ್ಡಿಗೆ ಕೈ ಹಾಕುತ್ತದೆ.

ಮುಟ್ಟುವ ಮುಂಚೆ ಎಚ್ಚರಿಕೆ

ಪತ್ತೆ ಮಾಡುವಾಗಲೇ ರಿಪೇರಿಗೆ ಇಳಿಯಬೇಡಿ. ಯಾರಿಗೆ ಏನು ಅರ್ಥವಾಗಿತ್ತು ಅಂತ ತಿಳಿಯುವ ಮುಂಚೆ ಕೋಡ್ ತಿದ್ದಿದರೆ ಎರಡು ಅರ್ಥದ ಜಾಗದಲ್ಲಿ ಮೂರು ಅರ್ಥ ಆಗುತ್ತದೆ.

ಚಾಲ್ತಿಯಲ್ಲಿರುವ ಲೆಕ್ಕದ ಮೇಲೆ ಪರೀಕ್ಷೆ ಮಾಡಬೇಡಿ. ಪ್ರತಿ ಮಾಡಿಕೊಂಡು ಅದರ ಮೇಲೆ ಮಾಡಿ. ಪ್ರತಿಯಲ್ಲಿ ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಅಳಿಸಿರಲಿ. ಆ ಎಕ್ಸೆಲ್ ಶೀಟ್ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ.

ಹಳೇ ಲೆಕ್ಕದ ಪುಸ್ತಕ ನಿಲ್ಲಿಸಬೇಡಿ. ಹೊಸದು, ಹಳೆಯದು ಎರಡೂ ಜೊತೆಗೆ ನಡೆಯಲಿ. ಪೂರ್ತಿ ಒಂದು ಬಟವಾಡೆ ಪೈಸೆ ಪೈಸೆಗೂ ತಾಳೆ ಆಗುವವರೆಗೆ ಪುಸ್ತಕವೇ ಗಟ್ಟಿ ಆಧಾರ.

ಇನ್ನೊಂದು ಮಾತು. "ಹೀಗೆ ಬರೆದಿದ್ದು ಯಾರು?" ಅಂತ ಕೇಳಿದ ಕೂಡಲೇ ಜನ ಬಾಯಿ ಮುಚ್ಚುತ್ತಾರೆ. "ನಿಮಗೆ ಇದು ಹೇಗೆ ಅರ್ಥ ಆಯಿತು?" ಅಂತ ಕೇಳಿ.

ಲಕ್ಷಣ 1: ರಿಕ್ವೈರ್‌ಮೆಂಟ್ ಓದಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ

ಇದನ್ನು ಒಳ್ಳೇ ಸುದ್ದಿ ಅಂದುಕೊಳ್ಳುವವರೇ ಜಾಸ್ತಿ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮೊದಲು ಬರುವ ಕೆಟ್ಟ ಲಕ್ಷಣ. 20 ಪುಟ ಓದಿದ ಡೆವಲಪರ್‌ಗೆ ಒಂದು ಅನುಮಾನವೂ ಬರಲಿಲ್ಲ ಅಂದರೆ, ಒಂದೋ ಅವರು ಓದಿಲ್ಲ, ಇಲ್ಲವೇ ಖಾಲಿ ಜಾಗಗಳನ್ನೆಲ್ಲ ತಮ್ಮ ಊಹೆಯಿಂದ ತುಂಬಿಕೊಂಡಿದ್ದಾರೆ.

ಪರೀಕ್ಷೆಗೆ ಒಂದು ಹಾಳೆ, ಪೆನ್ನು ಸಾಕು. ದಾಖಲೆಯಿಂದ ಒಂದು ವಾಕ್ಯ ಆರಿಸಿ. ಸಂಘದ ಕಾರ್ಯದರ್ಶಿ, ಡೆವಲಪರ್, ಟೆಸ್ಟರ್ ಮೂವರಿಗೂ ಬೇರೆ ಬೇರೆ ಕೂರಿಸಿ ಕೊಡಿ. ವಾಕ್ಯ ಒಪ್ಪಿಗೆಯಾ ಅಂತ ಕೇಳಬೇಡಿ. ಅದರ ಪ್ರಕಾರ ಒಂದು ಲೆಕ್ಕ ಮಾಡಿ ಉತ್ತರ ಬರೆಯಿರಿ ಅನ್ನಿ.

ಈ ವಾಕ್ಯ ನೋಡಿ: "ಪ್ರತಿ ಸದಸ್ಯರ ದಿನದ ಒಟ್ಟು ಹಾಲಿಗೆ ಫ್ಯಾಟ್ ಪ್ರಕಾರ ದರ ಹಾಕಿ ಮೊತ್ತ ತೋರಿಸಬೇಕು." ಕೇಳಲು ಸಲೀಸಾಗಿದೆ. ಈಗ ಬೆಳಗ್ಗೆ 6 ಲೀಟರ್ ಫ್ಯಾಟ್ 3.8, ಸಂಜೆ 4 ಲೀಟರ್ ಫ್ಯಾಟ್ 4.4 ಅಂತ ಕೊಟ್ಟು ಲೆಕ್ಕ ಮಾಡಲು ಹೇಳಿ. ಕಾರ್ಯದರ್ಶಿ ಬೆಳಗಿನದಕ್ಕೆ ಬೇರೆ ದರ, ಸಂಜೆಯದಕ್ಕೆ ಬೇರೆ ದರ ಹಾಕಿ ಕೂಡುತ್ತಾರೆ. ಅವರು ದಿನಾ ಮಾಡುವುದೇ ಹಾಗೆ. ಡೆವಲಪರ್ "ದಿನದ ಒಟ್ಟು" ಅನ್ನುವುದನ್ನು ಹಿಡಿದು 10 ಲೀಟರಿಗೆ ಒಂದೇ ಸರಾಸರಿ ಫ್ಯಾಟ್ ತೆಗೆಯಬಹುದು. ಅದರಲ್ಲೂ ಎರಡು ದಾರಿ. ಸುಮ್ನೆ ಎರಡೂ ಕೂಡಿ ಅರ್ಧ ಮಾಡಿದರೆ 4.1. ಹಾಲಿನ ಪ್ರಮಾಣ ನೋಡಿ ಸರಾಸರಿ ತೆಗೆದರೆ 4.04. ಟೆಸ್ಟರ್ ಇದರಲ್ಲಿ ಯಾವುದನ್ನು ಬರೆಯುತ್ತಾರೋ ಯಾರಿಗೆ ಗೊತ್ತು!

ಮೂರೂ ಉತ್ತರ ಒಂದೇ ಬಂದರೆ ಆ ವಾಕ್ಯ ಸದ್ಯಕ್ಕೆ ಗಟ್ಟಿ. ಬೇರೆ ಬಂದರೆ ದೋಷ ಸಿಕ್ಕಿತು. ಆ ಲೆಕ್ಕವನ್ನೇ, ಸರಿ ಉತ್ತರದ ಸಮೇತ, ದಾಖಲೆಯಲ್ಲಿ ವಾಕ್ಯದ ಕೆಳಗೆ ಸೇರಿಸಿ. ವಾಕ್ಯವನ್ನು ಇನ್ನೂ ಉದ್ದ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಮೂವರ ಉತ್ತರವೂ ಒಂದೇ ಇದೆ, ಸಾಫ್ಟ್‌ವೇರ್ ಮಾತ್ರ ಬೇರೆ ತೋರಿಸುತ್ತಿದೆ ಅಂದರೆ ಅದು ಕೋಡ್‌ನ ತಪ್ಪು. ಅದಕ್ಕೆ ಈ ಕೈಪಿಡಿ ಬೇಕಿಲ್ಲ.

ಲಕ್ಷಣ 2: ಟೆಸ್ಟರ್ ಬಗ್ ಹಾಕುತ್ತಾರೆ, ಡೆವಲಪರ್ "ಇರಬೇಕಾದ್ದೇ ಹೀಗೆ" ಅಂತ ಮುಚ್ಚುತ್ತಾರೆ, ಅದು ಮತ್ತೆ ತೆರೆಯುತ್ತದೆ

ಒಂದೇ ಟಿಕೆಟ್, ಅಂದರೆ ತಪ್ಪು ಇದೆ ಅಂತ ದಾಖಲಿಸಿದ ದೂರು, ಹೀಗೆ ಅತ್ತಿಂದಿತ್ತ ಓಡಾಡುತ್ತಿದ್ದರೆ ಅವರಿಬ್ಬರಿಗೆ ಜಗಳ ಇದೆ ಅಂತ ತಿಳಿಯಬೇಡಿ. ತೀರ್ಪು ಹೇಳಬೇಕಾದ ವಾಕ್ಯ ಇಬ್ಬರ ಕಡೆಗೂ ಸಾಕ್ಷಿ ಹೇಳುತ್ತಿದೆ.

ದಾಖಲೆ ತೆರೆದು ಈ ಪದಗಳನ್ನು ಹುಡುಕಿ: ಬೇಗ, ಸುಲಭವಾಗಿ, ಸಾಮಾನ್ಯವಾಗಿ, ಸೂಕ್ತ, ಅಗತ್ಯವಿದ್ದರೆ, ಸಾಧ್ಯವಾದಷ್ಟು, ಇತ್ಯಾದಿ. ಒಂದೊಂದಕ್ಕೂ ಒಂದು ಪ್ರಶ್ನೆ ಹಾಕಿ: ಇದು ಆಗಿಲ್ಲ ಅಂತ ತೋರಿಸಬೇಕಾದರೆ ಏನನ್ನು ಅಳೆಯಬೇಕು? "ರಸೀದಿ ಬೇಗ ಬರಬೇಕು" ಅನ್ನುವುದನ್ನು ಅಳೆಯಲು ಆಗುವುದಿಲ್ಲ. "ಕ್ಯಾನ್ ಇಳಿಸಿ ತೂಕ ಒತ್ತಿದ 3 ಸೆಕೆಂಡ್ ಒಳಗೆ ರಸೀದಿ ಬರಬೇಕು, ಸಂಜೆ ಸಾಲು ದೊಡ್ಡದಿದ್ದಾಗಲೂ" ಅನ್ನುವುದನ್ನು ಅಳೆಯಬಹುದು.

"ಇತ್ಯಾದಿ" ಕಂಡರೆ ಅಲ್ಲೇ ನಿಂತು ಪಟ್ಟಿ ಪೂರ್ತಿ ಮಾಡಿಸಿ. ಆಮೇಲೆ ವಾಪಸ್ ಬರುವ ಕೆಲಸ ಎಲ್ಲ ಆ ಒಂದು ಪದದೊಳಗಿಂದಲೇ ಬರುತ್ತದೆ.

"ಬೇಕು", "ಇದ್ದರೆ ಒಳ್ಳೆಯದು", "ಇರಬಹುದು" ಮೂರನ್ನೂ ಬೇರೆ ಬೇರೆ ಇಡಿ. ಇಂಟರ್‌ನೆಟ್‌ನ ತಾಂತ್ರಿಕ ನಿಯಮಗಳನ್ನು ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಅನ್ನುವ ಪುಟ್ಟ ದಾಖಲೆ ಮಾಡಿ, ಯಾವ ಪದ ಕಡ್ಡಾಯ, ಯಾವುದು ಶಿಫಾರಸು, ಯಾವುದು ಇಷ್ಟಕ್ಕೆ ಬಿಟ್ಟಿದ್ದು ಅಂತ ಗೊತ್ತು ಮಾಡಿಕೊಂಡರು. ನಿಮ್ಮ ದಾಖಲೆಯ ಮೊದಲ ಪುಟದಲ್ಲೂ ಅಂಥ ನಾಲ್ಕು ಸಾಲು ಇರಲಿ.

ಲಕ್ಷಣ 3: ಬಿಡಿ ಬಿಡಿಯಾಗಿ ಎಲ್ಲ ಸರಿ, ಜೋಡಿಸಿದ ಮೇಲೆ ಲೆಕ್ಕ ಕೂಡುತ್ತಿಲ್ಲ

ವ್ಯತ್ಯಾಸ ಕಂಡರೆ ಮೊದಲು ಬಂದ ಸಂಖ್ಯೆಯನ್ನು ಬರಬೇಕಾದ ಸಂಖ್ಯೆಯಿಂದ ಭಾಗಿಸಿ ನೋಡಿ. ಈ ಅನುಪಾತ ಪ್ರತಿ ಸಲವೂ ಒಂದೇ ಬಂದರೆ ಅಳತೆಯ ಮೂಲಮಾನ ಅದಲುಬದಲಾಗಿದೆ ಅಂತಲೇ ಹಿಡಿಯಿರಿ.

ಹಾಲಿನಲ್ಲಿ ಈ ಅನುಪಾತ 1.03ರ ಹತ್ತಿರ ಇರುತ್ತದೆ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ತೂಕದ ಯಂತ್ರ ಕೆಜಿ ಕಳಿಸುತ್ತದೆ, ಪರದೆಯಲ್ಲಿ "ಹಾಲು: 6.2" ಅಂತಷ್ಟೇ ಇದೆ, ಬಿಲ್ಲಿನ ಭಾಗ ಅದನ್ನು ಲೀಟರ್ ಅಂತ ಓದುತ್ತದೆ. ದಿನಕ್ಕೆ 500 ಲೀಟರ್ ಬರುವ ಸಂಘದಲ್ಲಿ 15 ಲೀಟರ್ ಹೆಚ್ಚು ಕಾಣಿಸುತ್ತದೆ. ಲೀಟರಿಗೆ 35 ರೂಪಾಯಿ ಹಿಡಿದರೂ ದಿನಕ್ಕೆ 525 ರೂಪಾಯಿ, 30 ದಿನಕ್ಕೆ 15,750. ಇದರ ಮೇಲೆ ಸರ್ಕಾರದ ಪ್ರೋತ್ಸಾಹಧನ ಬೇರೆ. ಅದೂ ಲೀಟರ್ ಲೆಕ್ಕದಲ್ಲೇ ಬರುವುದು. ಶೇಕಡಾ 3ರ ವ್ಯತ್ಯಾಸವನ್ನು ಯಾರೂ ಒಂದೇ ದಿನದಲ್ಲಿ ಗಮನಿಸುವುದಿಲ್ಲ. "ಕ್ಯಾನಿಗೆ ಅಂಟಿದ್ದು, ಚೆಲ್ಲಿದ್ದು" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಅದಕ್ಕೇ ಇದು ಅಪಾಯ.

ಈ ದೋಷದ ದೊಡ್ಡ ಉದಾಹರಣೆ ಅಂತ ಎಲ್ಲರೂ ಹೇಳುವುದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. 1999ರ ಸೆಪ್ಟೆಂಬರ್ 23ರಂದು ಅದು ಮಂಗಳನ ಹತ್ತಿರ ಕಳೆದುಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಥ್ರಸ್ಟರ್ (ನೌಕೆಯನ್ನು ತಳ್ಳುವ ಪುಟ್ಟ ಇಂಜಿನ್) ತಳ್ಳಿದ ಲೆಕ್ಕವನ್ನು ಪೌಂಡ್-ಸೆಕೆಂಡ್‌ನಲ್ಲಿ ಕೊಡುತ್ತಿತ್ತು. ತೆಗೆದುಕೊಳ್ಳುವ ಕಡೆಯವರು ಅದನ್ನು ನ್ಯೂಟನ್-ಸೆಕೆಂಡ್ ಅಂತ ಓದುತ್ತಿದ್ದರು. ವ್ಯತ್ಯಾಸ 4.45 ಪಟ್ಟು. ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57 ಕಿ.ಮೀ.ವರೆಗೆ ಇಳಿದಿತ್ತು.

ಆದರೆ ಇಲ್ಲಿ ರೋಗ ಸರಿಯಾಗಿ ಗುರುತಿಸಬೇಕು. ಆ ಪ್ರಾಜೆಕ್ಟ್‌ನ ದಾಖಲೆಯಲ್ಲಿ ಮೆಟ್ರಿಕ್ ಬಳಸಬೇಕು ಅಂತ ಬರೆದೇ ಇತ್ತು. ಬರಹ ಅಸ್ಪಷ್ಟವಾಗಿರಲಿಲ್ಲ. ಅದರ ಪ್ರಕಾರ ನಡೆದಿದೆಯಾ ಅಂತ ಜೋಡಣೆಯ ಜಾಗದಲ್ಲಿ ಪರೀಕ್ಷೆ ಆಗಲಿಲ್ಲ. ಲೆಕ್ಕ ಹೊಂದುತ್ತಿಲ್ಲ ಅಂತ ನೌಕೆಯ ಹಾದಿ ಲೆಕ್ಕ ಹಾಕುವ ತಂಡದವರಿಗೆ ಅನುಮಾನ ಬಂದಿತ್ತು, ಆದರೆ ಅದು ಅಧಿಕೃತ ದಾರಿಯಲ್ಲಿ ಮುಂದೆ ಹೋಗಲಿಲ್ಲ. ನಿಮ್ಮ ದಾಖಲೆಯಲ್ಲೂ ಮೂಲಮಾನ ಸ್ಪಷ್ಟವಾಗಿ ಇದ್ದು ಹೀಗೆ ಆಗಿದ್ದರೆ, ದಾಖಲೆಯನ್ನು ಮತ್ತೆ ಬರೆಯುತ್ತಾ ಕೂರಬೇಡಿ. ಯಂತ್ರದಿಂದ ಬಿಲ್ಲಿನವರೆಗೆ ಒಂದು ಕ್ಯಾನ್ ಹಾಲಿನ ಲೆಕ್ಕವನ್ನು ಹಿಂಬಾಲಿಸಿ, ಪ್ರತಿ ಹಂತದಲ್ಲೂ ಸಂಖ್ಯೆ ಬರೆದುಕೊಳ್ಳಿ.

ನಿಜವಾಗಿ ಮಾತಿನ ಒಳಗೇ ದೋಷ ಇರುವುದಕ್ಕೆ ಲಾಫೆನ್‌ಬರ್ಗ್ ಸೇತುವೆ ಒಳ್ಳೇ ಪಾಠ. ರೈನ್ ನದಿಗೆ ಆಚೆ ಜರ್ಮನಿ, ಈಚೆ ಸ್ವಿಟ್ಜರ್ಲೆಂಡ್. ಎರಡೂ ಕಡೆಯಿಂದ ಕಟ್ಟುತ್ತಾ ಬಂದರು. ಎತ್ತರವನ್ನು ಎರಡೂ ದೇಶ "ಸಮುದ್ರ ಮಟ್ಟದಿಂದ" ಅಂತಲೇ ಅಳೆಯುತ್ತವೆ. ಯಾವ ಸಮುದ್ರ? ಜರ್ಮನಿಗೆ ಆಮ್‌ಸ್ಟರ್‌ಡ್ಯಾಂ ಕಡೆಯ ಉತ್ತರ ಸಮುದ್ರ, ಸ್ವಿಟ್ಜರ್ಲೆಂಡ್‌ಗೆ ಮೆಡಿಟರೇನಿಯನ್. ಎರಡಕ್ಕೂ 27 ಸೆಂ.ಮೀ. ಅಂತರ. ಇದು ಇಂಜಿನಿಯರ್‌ಗಳಿಗೆ ಗೊತ್ತಿತ್ತು, ಲೆಕ್ಕಕ್ಕೂ ತಗೊಂಡಿದ್ದರು. ಆದರೆ ಕೂಡಬೇಕೋ ಕಳೆಯಬೇಕೋ ಅನ್ನುವಲ್ಲಿ ತಿರುವುಮುರುವಾಯಿತು. 2003ರಲ್ಲಿ ನೋಡಿದರೆ 27 ಹೋಗಿ 54 ಸೆಂ.ಮೀ. ವ್ಯತ್ಯಾಸ ಆಗಿತ್ತು.

ಹಾಗಾಗಿ "ವ್ಯತ್ಯಾಸ ಸರಿಪಡಿಸಿಕೊಳ್ಳಬೇಕು" ಅಂತ ಬರೆದರೆ ಸಾಲದು. ಒಂದು ಗೊತ್ತಿರುವ ಅಳತೆ ಕೊಡಿ: ಯಂತ್ರದಲ್ಲಿ 10.30 ಕೆಜಿ ಬಂದರೆ ರಸೀದಿಯಲ್ಲಿ 10.00 ಲೀಟರ್ ಬರಬೇಕು. ಭಾಗಿಸುವ ಬದಲು ಗುಣಿಸಿದವರು ಇಲ್ಲಿ ತಕ್ಷಣ ಗೊತ್ತಾಗುತ್ತಾರೆ.

ಲಕ್ಷಣ 4: ಡೆಮೋ ದಿನ "ನಾವು ಕೇಳಿದ್ದು ಇದಲ್ಲ" ಅನ್ನುತ್ತಾರೆ

ಕೇಳಿದ್ದಕ್ಕೆ ಸರಿಯಾಗಿಯೇ ಮಾಡಿರುತ್ತೀರಿ. ಅವರೂ ಸುಳ್ಳು ಹೇಳುತ್ತಿರುವುದಿಲ್ಲ. ಇಲ್ಲಿ ಹೆಸರುಗಳನ್ನು ಪರೀಕ್ಷೆ ಮಾಡಬೇಕು.

"ರೈತರಿಗೆ ಎಸ್‌ಎಂಎಸ್ ಹೋಗಬೇಕು" ಅಂತ ಬರೆದಿದೆ. ಸದಸ್ಯತ್ವ ಹೆಂಡತಿಯ ಹೆಸರಲ್ಲಿ, ಹಾಲು ಹಾಕುವುದು ಗಂಡ, ಫೋನ್ ಮಗನ ಹತ್ತಿರ. ಇವರಲ್ಲಿ ರೈತ ಯಾರು? "ಹಣ ಜಮಾ ಆದ ಮೇಲೆ" ಅಂದರೆ ಸಂಘ ಬ್ಯಾಂಕಿಗೆ ಪಟ್ಟಿ ಕಳಿಸಿದ ಮೇಲಾ, ಖಾತೆಗೆ ದುಡ್ಡು ಬಿದ್ದ ಮೇಲಾ? ದುಡ್ಡು ಬರುವ ಮುಂಚೆ ಎಸ್‌ಎಂಎಸ್ ಬಂದರೆ ಜನ ಬ್ಯಾಂಕಿಗೆ ಹೋಗಿ ವಾಪಸ್ ಬರುತ್ತಾರೆ, ಆ ಸಿಟ್ಟು ಕಾರ್ಯದರ್ಶಿಯ ಮೇಲೆ ಬೀಳುತ್ತದೆ.

ಹಾಗೇ "ದಿನ". ಸಂಜೆ ಕರೆಂಟ್ ಹೋಗಿ, ಹದಿನೈದನೇ ತಾರೀಖಿನ ಸಂಜೆಯ ಹಾಲು ಮರುದಿನ ಬೆಳಗ್ಗೆ ಸರ್ವರ್ ಸೇರಿದರೆ ಅದು ಯಾವ ಬಟವಾಡೆಗೆ? ಹಾಲು ಹಾಕಿದ ಹೊತ್ತಿನ ಲೆಕ್ಕವಾ, ಸರ್ವರ್ ಸೇರಿದ ಹೊತ್ತಿನ ಲೆಕ್ಕವಾ? ಕಾರ್ಯದರ್ಶಿಗೆ ಇದು ಪ್ರಶ್ನೆಯೇ ಅಲ್ಲ, ಹಾಲು ಹಾಕಿದ ದಿನವೇ ದಿನ. ಕಂಪ್ಯೂಟರ್‌ಗೆ ಯಾರಾದರೂ ಹೇಳಿಕೊಡಬೇಕು.

ಪರೀಕ್ಷೆಗೆ ಅರ್ಧ ದಿನ ಬೇಕು. ಡೇರಿಯಲ್ಲೇ ಸಂಜೆ ಹಾಲು ಹಾಕುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ಪರದೆಗಳ ಚಿತ್ರವನ್ನು ಕಾಗದದ ಮೇಲೆ ಬರೆದು ಕೈಯಲ್ಲಿ ಇಟ್ಟುಕೊಳ್ಳಿ. ಒಬ್ಬೊಬ್ಬರು ಬಂದಂತೆ ಯಾವ ಖಾನೆಯಲ್ಲಿ ಏನು ಬರೆಯಬೇಕು ಅಂತ ಕಾರ್ಯದರ್ಶಿಗೇ ಪೆನ್ನು ಕೊಡಿ. ಅವರು ಎಲ್ಲಿ ಪೆನ್ನು ತಡೆದು "ಇವರದ್ದು ಬೇರೆ ಥರ ಸಾರ್" ಅನ್ನುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ಮೀಟಿಂಗ್ ಕೋಣೆಯಲ್ಲಿ ಈ ಮಾತು ಬರುವುದೇ ಇಲ್ಲ, ಸಾಲಿನಲ್ಲಿ ಜನ ನಿಂತಾಗಲೇ ಬರುತ್ತದೆ.

ಲಕ್ಷಣ 5: ಮಾಮೂಲಿ ದಿನ ಓಡುತ್ತದೆ, ಅಪರೂಪದ ದಿನ ಬೀಳುತ್ತದೆ

ಇದು ಪತ್ತೆ ಮಾಡಲು ಕಷ್ಟದ ದೋಷ. ಇಷ್ಟು ಹೊತ್ತು ನೋಡಿದ್ದು ಬರೆದ ಮಾತುಗಳನ್ನು. ಇಲ್ಲಿ ದೋಷ ಇರುವುದು ಬರೆಯದೇ ಬಿಟ್ಟ ಮಾತಿನಲ್ಲಿ. ಹುಡುಕುವುದಕ್ಕೆ ಪದವೇ ಸಿಗುವುದಿಲ್ಲ.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂದಿಂದ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿತು. ಸುಮಾರು 40 ಸೆಕೆಂಡ್‌ನಲ್ಲಿ ಛಿದ್ರವಾಯಿತು. ದಿಕ್ಕು ಹೇಳುವ ಉಪಕರಣದ ಸಾಫ್ಟ್‌ವೇರ್ ಹಿಂದಿನ ಏರಿಯಾನ್ 4ರಿಂದ ಬಂದದ್ದು. ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಏರಿಯಾನ್ 5ರಲ್ಲಿ ಅಡ್ಡ ದಿಕ್ಕಿನ ವೇಗ ತುಂಬಾ ಬೇಗ ಏರಿತು. 64 ಬಿಟ್‌ನ ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಯಲಿಲ್ಲ. ಅಷ್ಟು ಜಾಗದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ನಿಲ್ಲುವುದಿಲ್ಲ. ತನಿಖಾ ಮಂಡಳಿ ಹೇಳಿದ ಒಂದು ಮುಖ್ಯ ಮಾತು: ಆ ಉಪಕರಣದ ರಿಕ್ವೈರ್‌ಮೆಂಟ್‌ನಲ್ಲಿ ಏರಿಯಾನ್ 5ರ ಹಾರಾಟದ ದಾರಿಯ ಮಾಹಿತಿಯೇ ಇರಲಿಲ್ಲ. "ಹಿಂದಿನ ಥರವೇ ಇರಲಿ" ಅನ್ನುವ ಮಾತು ದಾಖಲೆಯಲ್ಲಿ ಕಂಡಾಗಲೆಲ್ಲ ಇದು ನೆನಪಿರಲಿ. ಹಿಂದಿನದು ಯಾವ ಮಿತಿಯೊಳಗೆ ಸರಿ ಇತ್ತು ಅಂತ ಕೇಳಿ. ಪಕ್ಕದ ಊರಿನ ಸಂಘದಲ್ಲಿ ಓಡಿದ ಸಾಫ್ಟ್‌ವೇರ್ ಎಮ್ಮೆ ಹಾಲಿನ ಫ್ಯಾಟ್ ಯಾವತ್ತೂ ನೋಡೇ ಇಲ್ಲದಿರಬಹುದು.

ಇನ್ನೊಂದು ಘಟನೆ ನನಗೆ ಇದಕ್ಕಿಂತಲೂ ಮುಖ್ಯ. 1999ರ ಡಿಸೆಂಬರ್ 3ರಂದು ನಾಸಾದ ಮಾರ್ಸ್ ಪೋಲಾರ್ ಲ್ಯಾಂಡರ್ ನೌಕೆ ಮಂಗಳಕ್ಕೆ ಇಳಿಯುವಾಗ ಕಳೆದುಹೋಯಿತು. ತನಿಖೆ ಮಾಡಿದವರು ಕಂಡುಕೊಂಡ, ಹೆಚ್ಚು ಸಾಧ್ಯತೆ ಇರುವ ಕಾರಣ ಇದು. ನೌಕೆಯ ಕಾಲಿನಲ್ಲಿ ನೆಲ ಮುಟ್ಟಿದ್ದನ್ನು ಹೇಳುವ ಸೆನ್ಸರ್‌ಗಳಿದ್ದವು. ಮಡಚಿದ ಕಾಲು ಇನ್ನೂ ಎತ್ತರದಲ್ಲೇ ಬಿಚ್ಚಿಕೊಳ್ಳುವಾಗ ಆಗುವ ಅಲುಗಾಟಕ್ಕೆ ಅವು ಒಂದು ಕ್ಷಣ "ಮುಟ್ಟಿತು" ಅಂತ ಸುಳ್ಳು ಸಂಕೇತ ಕೊಡಬಹುದಿತ್ತು. ಸಾಫ್ಟ್‌ವೇರ್ ಅದನ್ನು ನೆನಪಿಟ್ಟುಕೊಂಡು, 40 ಮೀಟರ್ ಎತ್ತರದಲ್ಲೇ ಇಂಜಿನ್ ನಿಲ್ಲಿಸಿರಬೇಕು. ನೌಕೆ ಸೆಕೆಂಡಿಗೆ ಸುಮಾರು 22 ಮೀಟರ್ ವೇಗದಲ್ಲಿ ನೆಲಕ್ಕೆ ಬಿದ್ದಿರಬೇಕು.

ಸುಳ್ಳು ಸಂಕೇತದ ವಿಷಯ ಇಂಜಿನಿಯರ್‌ಗಳಿಗೆ ಗೊತ್ತಿತ್ತು. ಸೆನ್ಸರ್ ಮಾತನ್ನು ಬೇಗ ನಂಬಬಾರದು ಅನ್ನುವ ನಿಯಮ ಮೇಲಿನ ಹಂತದ ದಾಖಲೆಯಲ್ಲೂ ಇತ್ತು. ಯಾಕೆ ನಂಬಬಾರದು ಅಂತ ಮಾತ್ರ ಬರೆದಿರಲಿಲ್ಲ. ಅಲ್ಲಿಂದ ಸಾಫ್ಟ್‌ವೇರ್ ದಾಖಲೆಗೆ ಇಳಿಯುವಾಗ ಮುಖ್ಯ ಭಾಗ ಬಿಟ್ಟುಹೋಯಿತು. ಕಾರಣ ಗೊತ್ತಿದ್ದರೆ ಸಾಫ್ಟ್‌ವೇರ್ ಬರೆದವರೋ ಪರಿಶೀಲಿಸಿದವರೋ ಆ ಕೊರತೆಯನ್ನು ಹಿಡಿಯುತ್ತಿದ್ದರೇನೋ ಅಂತ ತನಿಖಾ ವರದಿ ಹೇಳುತ್ತದೆ.

ಹಾಗಾಗಿ ಇಲ್ಲಿ ಪರೀಕ್ಷೆ ಹೀಗೆ. ಪ್ರತಿ ಮುಖ್ಯ ನಿಯಮದ ಪಕ್ಕದಲ್ಲಿ "ಯಾಕೆ" ಅಂತ ಒಂದು ಖಾನೆ ಮಾಡಿ, ಅದನ್ನು ತುಂಬಿಸಿ. ತುಂಬಲು ಯಾರಿಗೂ ಆಗದ ನಿಯಮಗಳನ್ನು ಬೇರೆ ಪಟ್ಟಿ ಮಾಡಿ, ಮೂಲದಲ್ಲಿ ಹೇಳಿದವರ ಹತ್ತಿರ ಹೋಗಿ. "ಫ್ಯಾಟ್ 3ಕ್ಕಿಂತ ಕಡಿಮೆ ಇದ್ದರೆ ಒಪ್ಪಬಾರದು" ಅಂತ ನಿಯಮ ಇದೆ ಅಂದುಕೊಳ್ಳಿ. ನೀರು ಬೆರೆಸಿದ್ದನ್ನು ತಡೆಯಲಿಕ್ಕೆ ಅಂತ ಕಾರಣ ಬರೆದಿದ್ದರೆ, ಯಂತ್ರ ಕೆಟ್ಟು 0 ತೋರಿಸಿದ ದಿನ ಏನು ಮಾಡಬೇಕು ಅಂತ ಟೆಸ್ಟರ್ ತಾನಾಗಿಯೇ ಕೇಳುತ್ತಾರೆ. ಕಾರಣ ಇಲ್ಲದಿದ್ದರೆ ಆ ಬೆಳಗ್ಗೆ ಊರಿನ ಅಷ್ಟೂ ಹಾಲು ವಾಪಸ್ ಹೋಗುತ್ತದೆ.

ಇದರ ಜೊತೆಗೆ ಪ್ರತಿ ಸಂಖ್ಯೆಗೂ ಕೇಳಿ: ಇದು ಸೊನ್ನೆ ಆದರೆ? ಬರಲೇ ಇಲ್ಲದಿದ್ದರೆ? ಎರಡು ಸಲ ಬಂದರೆ? ತಡವಾಗಿ ಬಂದರೆ?

ಲಕ್ಷಣ 6: ದಾಖಲೆ ದಪ್ಪ ಆಗುತ್ತಲೇ ಇದೆ, ಬದಲಾವಣೆ ಮಾತ್ರ ನಿಲ್ಲುತ್ತಿಲ್ಲ

ಅಸ್ಪಷ್ಟತೆಗೆ ಜಾಸ್ತಿ ಪುಟವೇ ಮದ್ದು ಅಂದುಕೊಂಡವರು ಇಲ್ಲಿಗೆ ಬಂದು ನಿಲ್ಲುತ್ತಾರೆ. ಅಮೆರಿಕದ ಎಫ್‌ಬಿಐ ತನ್ನ ಕೇಸ್ ಕಡತಗಳಿಗೆ ಅಂತ ವರ್ಚುವಲ್ ಕೇಸ್ ಫೈಲ್ ಮಾಡಿಸಿತು. ಅದರ ರಿಕ್ವೈರ್‌ಮೆಂಟ್ ದಾಖಲೆ 800 ಪುಟ ದಾಟಿತ್ತು. ಕೆಲಸ ಶುರುವಾದ ಮೇಲೂ ಬದಲಾವಣೆಗಳು ಬರುತ್ತಲೇ ಇದ್ದವು. ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಅದನ್ನು ಕೈಬಿಟ್ಟರು. ಅಲ್ಲಿ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಪುಟ ಜಾಸ್ತಿ ಇದ್ದದ್ದು ಮಾತ್ರ ರಕ್ಷಣೆಗೆ ಬರಲಿಲ್ಲ.

ಕಳೆದ ತಿಂಗಳ ಬದಲಾವಣೆ ಕೋರಿಕೆಗಳನ್ನು ಮುಂದಿಟ್ಟುಕೊಂಡು ಎರಡು ಗುಂಪು ಮಾಡಿ. ಲೋಕವೇ ಬದಲಾದ್ದರಿಂದ ಬಂದವು ಒಂದು ಕಡೆ: ದರಪಟ್ಟಿ ಬದಲಾಯಿತು, ಹೊಸ ಸುತ್ತೋಲೆ ಬಂತು. ಮೊದಲಿಂದ ಹಾಗೇ ಇದ್ದದ್ದು ಈಗ ಗೊತ್ತಾಯಿತು ಅನ್ನುವವು ಇನ್ನೊಂದು ಕಡೆ. ಮೊದಲ ಗುಂಪು ದೊಡ್ಡದಾದರೆ ಅದು ಸಹಜ. ದರಪಟ್ಟಿಯಂಥದ್ದನ್ನು ಕೋಡ್‌ನೊಳಗೆ ಹುಗಿಯಬೇಡಿ, ಅಷ್ಟೇ. ಎರಡನೆಯದು ದೊಡ್ಡದಾದರೆ ಹೊಸ ಕೆಲಸ ನಿಲ್ಲಿಸಿ, ಲಕ್ಷಣ 1 ಮತ್ತು 4ರ ಪರೀಕ್ಷೆಗಳನ್ನು ಮತ್ತೆ ಮಾಡಿ.

ಎಲ್ಲಿ ಕೈ ತೆಗೆದು ಸಹಾಯ ಕೇಳಬೇಕು

ತಪ್ಪು ಬಟವಾಡೆ ಆಗಲೇ ಆಗಿದ್ದರೆ ಅಲ್ಲಿಗೆ ನಿಲ್ಲಿಸಿ. ಹೆಚ್ಚಾದದ್ದನ್ನು ಮುಂದಿನ ಬಿಲ್ಲಿನಲ್ಲಿ ಸದ್ದಿಲ್ಲದೆ ಮುರಿದುಕೊಳ್ಳುವ ಕೋಡ್ ಬರೆಯಬೇಡಿ. ಅದು ಸಂಘದ ಆಡಳಿತ ಮಂಡಳಿ ಮತ್ತು ಲೆಕ್ಕ ಪರಿಶೋಧಕರು ತೀರ್ಮಾನ ಮಾಡಬೇಕಾದ ವಿಷಯ.

ಅಧ್ಯಕ್ಷರು ಒಂದು, ಕಾರ್ಯದರ್ಶಿ ಒಂದು ಹೇಳುತ್ತಿದ್ದರೆ ನಡುವಿನ ದಾರಿ ನೀವೇ ಕಂಡುಹಿಡಿಯಬೇಡಿ. ಇಬ್ಬರ ಮಾತಿನಿಂದಲೂ ಬರುವ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಸಭೆಯ ಮುಂದೆ ಇಡಿ.

ಅರ್ಥ ಗೊತ್ತಾಗದ ಮಾತು ಸರ್ಕಾರದ ಸುತ್ತೋಲೆಯದ್ದಾದರೆ, ಅದನ್ನು ಹೊರಡಿಸಿದ ಕಚೇರಿಯಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಆಡಿಟ್ ದಿನ ನಿಲ್ಲುವುದಿಲ್ಲ. ಗುತ್ತಿಗೆ, ದಂಡದ ಮಾತು ಬಂದಿದ್ದರೆ ವಕೀಲರನ್ನು ನೋಡಿ. ಅಲ್ಲಿಯವರೆಗೆ ಹಳೇ ಮೇಲ್, ಹಳೇ ಆವೃತ್ತಿ ಯಾವುದನ್ನೂ ಅಳಿಸಬೇಡಿ.

ಔಷಧದ ಪ್ರಮಾಣ, ವಾಹನದ ಬ್ರೇಕ್, ಲಿಫ್ಟ್, ವಿದ್ಯುತ್, ಬಾಯ್ಲರ್, ಇಂಥ ಜೀವಕ್ಕೆ ಸಂಬಂಧಪಟ್ಟ ಕೆಲಸದಲ್ಲಿ ಮೂವರ ಲೆಕ್ಕ ಬೇರೆ ಬಂದರೆ, ಅದೇ ದಿನ ಆ ಭಾಗವನ್ನು ಬಳಕೆಯಿಂದ ತೆಗೆಯಿಸಿ, ಸುರಕ್ಷತೆಯ ಹೊಣೆ ಹೊತ್ತವರಿಗೆ ಬರಹದಲ್ಲಿ ತಿಳಿಸಿ. ಯಾವ ಅರ್ಥ ಸರಿ ಅಂತ ತಂಡದೊಳಗೆ ಓಟು ಹಾಕಿ ತೀರ್ಮಾನ ಮಾಡಬೇಡಿ.